ಗ್ರ್ಯಾಂಡ್ ಅಂದರೆ ಸಾಲದು, ಹೆಸರು ಬೇಕು

ನಮ್ಮೂರಲ್ಲಿ ಮದುವೆ ಗ್ರ್ಯಾಂಡಾಗಿ ಆಯ್ತು ಅಂದರೆ ಎರಡು ಸಾವಿರ ಜನ ಉಂಡರು ಅಂತ ಲೆಕ್ಕ. ಡಬ್ಲಿನ್‌ಗೆ ಬಂದ ಹೊಸದರಲ್ಲಿ ನನ್ನ ತಲೆಯಲ್ಲಿ ಅದೇ ಅರ್ಥ ಇತ್ತು. ಸರ್ವರ್ ಪ್ಯಾಚ್ (ಭದ್ರತೆಯ ತೂತು ಮುಚ್ಚುವ ಅಪ್‌ಡೇಟ್) ಆಯ್ತಾ ಅಂತ ಒಬ್ಬನನ್ನು ಕೇಳಿದೆ. "ಇಟ್ಸ್ ಗ್ರ್ಯಾಂಡ್" ಅಂದ. ಭರ್ಜರಿಯಾಗೇ ಮಾಡಿದಾನೆ ಅಂದುಕೊಂಡು ಬಂದೆ. ಐರಿಶ್ ಜನರ ಗ್ರ್ಯಾಂಡ್ ಅಂದರೆ ನಮ್ಮ "ಪರವಾಗಿಲ್ಲ ಬಿಡಿ" ಅಂತ ಗೊತ್ತಾದದ್ದು ಆಮೇಲೆ. ಪ್ಯಾಚ್ ಆಗಿರಲಿಲ್ಲ.

ನಾನಿರುವುದು ಹಣ ಪಾವತಿಯ ಕಂಪನಿಯೊಂದರಲ್ಲಿ. ನನ್ನ ಕೆಲಸಕ್ಕೆ ಜಿಆರ್‌ಸಿ ಅನ್ನುತ್ತಾರೆ, ಅಂದರೆ ಗವರ್ನೆನ್ಸ್, ರಿಸ್ಕ್, ಕಂಪ್ಲಯನ್ಸ್ (ಆಡಳಿತ, ಅಪಾಯ, ನಿಯಮಪಾಲನೆ). ಹ್ಯಾಕರ್‌ಗಳನ್ನು ಹಿಡಿಯುವುದು ಬೇರೆಯವರು. ಬಾಗಿಲಿಗೆ ಬೀಗ ಹಾಕಿದಿರಾ, ಕೀಲಿ ಯಾರ ಹತ್ತಿರ ಇದೆ, ಹಾಕಿದ್ದಕ್ಕೆ ಏನು ಸಾಕ್ಷಿ ಅಂತ ಕೇಳುತ್ತಾ ಓಡಾಡುವವಳು ನಾನು. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 27001ರ ಪಟ್ಟಿಯಲ್ಲಿ ಈಗ ಇಂಥ ಬೀಗಗಳು, ಅಂದರೆ ಕಂಟ್ರೋಲ್‌ಗಳು, 93 ಇವೆ. ಮೊದಲು 114 ಇದ್ದವು. ಕಡಿಮೆಯಾಯ್ತು ಅಂತ ಖುಷಿಪಡಬೇಡಿ, ಎಷ್ಟೋ ಹಳೆಯವನ್ನು ಒಂದರೊಳಗೊಂದು ಸೇರಿಸಿದ್ದಾರೆ ಅಷ್ಟೆ.

ಇದರಲ್ಲಿ ಅರ್ಧ ಸಾಕ್ಷಿ ಬರಬೇಕಾದದ್ದು ಬೆಂಗಳೂರಿನ ಟೀಮಿನಿಂದ. ನನಗೆ ಬೆಳಿಗ್ಗೆ ಒಂಬತ್ತು, ಅವರಿಗೆ ಊಟ ಮುಗಿದ ಹೊತ್ತು.

"ಮೇಡಂ, ಸ್ಕ್ರೀನ್‌ಶಾಟ್ ಮೊನ್ನೆ ತಾನೇ ಕಳಿಸಿದ್ನಲ್ಲ?"

"ತಾರೀಕು ಕಾಣ್ತಿಲ್ಲ ಕಣಪ್ಪಾ. ಇನ್ನೊಂದು ಸಲ ಕಳ್ಸು."

ಪಾಪ, ಅವನು ನನಗೆ ಏನು ಅಡ್ಡಹೆಸರು ಇಟ್ಟಿದ್ದಾನೋ. ನಾನೂ ಸುಮ್ನೆ ಕಾಟ ಕೊಡುತ್ತಿಲ್ಲ. ಹೋದ ವರ್ಷ ಯಾರ‍್ಯಾರ ಲಾಗಿನ್ ಇರಬೇಕು ಅಂತ ಪರಿಶೀಲಿಸಲು ಇಲ್ಲಿಯ ಮ್ಯಾನೇಜರ್ ಒಬ್ಬರಿಗೆ ಪಟ್ಟಿ ಕಳಿಸಿದ್ದೆ. ಎರಡೇ ನಿಮಿಷದಲ್ಲಿ ಎಲ್ಲಕ್ಕೂ ಟಿಕ್ ಹಾಕಿ ವಾಪಸ್ ಕಳಿಸಿದರು. ಅದರಲ್ಲಿ ಕೆಲಸ ಬಿಟ್ಟು ನಾಲ್ಕು ತಿಂಗಳಾದವನ ಹೆಸರೂ ಇತ್ತು! ಏನೂ ಆಗಲಿಲ್ಲ. ಆಗದೆ ಇದ್ದದ್ದು ನಮ್ಮ ಪುಣ್ಯ, ನಮ್ಮ ಜಾಣತನ ಅಲ್ಲ.

ಆದರೆ ನಿಜವಾಗಿ ಬೆವರು ಇಳಿಸುವುದು ರಿಸ್ಕ್ ರಿಜಿಸ್ಟರ್‌ನ (ಕಂಪನಿಯ ಅಪಾಯಗಳ ಪಟ್ಟಿ) ಒಂದು ಕಾಲಂ. ಓನರ್. ಈ ಅಪಾಯ ಯಾರ ಹೆಸರಲ್ಲಿ? ಅಪಾಯ ಇದೆ ಅಂತ ಎಲ್ಲರೂ ಒಪ್ಪುತ್ತಾರೆ. ಹೆಸರು ಬರೆಯುವಾಗ ಎಲ್ಲರಿಗೂ ಬೇರೆ ಮೀಟಿಂಗ್ ನೆನಪಾಗುತ್ತದೆ.

ಇದು ಬರೀ ಕಾಗದದ ಜಗಳ ಅನ್ನಿಸಿದರೆ ಇಲ್ಲಿಯ ಎಚ್‌ಎಸ್‌ಇ ಕತೆ ಕೇಳಿ. ಅದು ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ. 2021ರ ಮೇ 14ರ ಬೆಳಗಿನ ಜಾವ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್) ಹೊಡೆತಕ್ಕೆ ತನ್ನ ಕಂಪ್ಯೂಟರ್‌ಗಳನ್ನೆಲ್ಲ ತಾನೇ ಬಂದ್ ಮಾಡಬೇಕಾಯಿತು. ಡಾಕ್ಟರು, ನರ್ಸುಗಳು ಪೆನ್ನು ಕಾಗದ ಹಿಡಿದರು. ಸರ್ಕಾರ ದುಡ್ಡು ಕೊಡಲಿಲ್ಲ. ಆರು ದಿನದ ಮೇಲೆ ಕಳ್ಳರೇ ಕೀಲಿ ಕೊಟ್ಟರು, ಆದರೂ ಎಲ್ಲ ಸರ್ವರ್ ಬಿಡಿಸುವ ಹೊತ್ತಿಗೆ ಸೆಪ್ಟೆಂಬರ್ ಬಂತು. ಶುರುವಾದದ್ದು ಮಾರ್ಚ್ 18ರಂದು ಯಾರೋ ತೆರೆದ ಒಂದು ಎಕ್ಸೆಲ್ ಫೈಲಿನಿಂದ. ಅದೇ ತಿಂಗಳ ಕೊನೆಗೆ ಆಂಟಿವೈರಸ್ ಕಳ್ಳನನ್ನು ಕಂಡಿತ್ತು ಕೂಡ. ಆದರೆ ನೋಡು, ತಡೆಯಬೇಡ ಅಂತ ಅದನ್ನು ಸೆಟ್ ಮಾಡಿಟ್ಟಿದ್ದರು.

ಡಿಸೆಂಬರ್‌ನಲ್ಲಿ ಬಂದ ತನಿಖಾ ವರದಿಯಲ್ಲಿ ನಾನು ಪದೇ ಪದೇ ಓದುವುದು ಒಂದೇ ಮಾತು. ಸೈಬರ್ ಭದ್ರತೆಯ ಹೊಣೆ ಹೊತ್ತವರು ಅಂತ ಮೇಲಿನ ಮಟ್ಟದಲ್ಲಿ ಒಬ್ಬರೂ ಇರಲಿಲ್ಲ. ಅವರ ರಿಜಿಸ್ಟರ್‌ನಲ್ಲಿ ಅಪಾಯ "ಹೈ" ಅಂತ ಮೊದಲೇ ಬರೆದಿತ್ತು, ಗೊತ್ತಾ?

2025ರ ಜನವರಿ 17ರಿಂದ ಯುರೋಪಿನ ಹಣಕಾಸು ಕಂಪನಿಗಳಿಗೆ ಡೋರಾ ಅನ್ನುವ, ಕಂಪ್ಯೂಟರ್ ವ್ಯವಸ್ಥೆಗಳ ಅಪಾಯದ ಕುರಿತ ಕಾನೂನು ಬಂದಿದೆ. ಇಂಥ ಅಪಾಯದ ಕೊನೆಯ ಹೊಣೆ ಆಡಳಿತ ಮಂಡಳಿಯದೇ ಅನ್ನುತ್ತದೆ ಅದು. ಹಾಗಾಗಿ ನನ್ನ ಇಮೇಲ್‌ಗಳಿಗೆ ಈಗ ಸ್ವಲ್ಪ ಬೇಗ ಉತ್ತರ ಬರುತ್ತದೆ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ವಿವರಿಸುತ್ತಿದ್ದೆ. ಅವರು ಮೂವತ್ತು ವರ್ಷ ಊರಿನ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದವರು. ಅರ್ಧದಲ್ಲೇ ತಡೆದರು. "ವೋಚರ್‌ಗೆ ಸಹಿ ಇಲ್ದೆ ದುಡ್ಡು ಕೊಡ್ಬೇಡ ಅನ್ನೋದು ತಾನೇ? ಅದಕ್ಕೆ ಅಷ್ಟು ದೂರ ಹೋದ್ಯಾ?"

ಸದ್ಯ ನನ್ನ ಪಟ್ಟಿಯಲ್ಲಿ ಮೂರು ಅಪಾಯಗಳಿಗೆ ಹೆಸರಿಲ್ಲ. ಅದರಲ್ಲಿ ಒಂದಕ್ಕೆ ಹೆಸರು ಕೊಡಬೇಕಾದವರು ನಾನು ಪ್ಯಾಂಟ್ರಿಗೆ ಬಂದರೆ ಚಹಾ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದಾರೆ.