ಸ್ಕ್ಯಾನರ್ ಮೇಲೆ ಅಂಟಿಸಿದ ಟೇಪು

2025ರ ಜುಲೈ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ. ನಾನು ಜಿಎಸ್‌ಟಿ ರಿಟರ್ನ್ ಹಾಕಿಕೊಡುವವಳು. ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯವರು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟುಕೊಂಡು ಬಂದರು.

ನಾನು ಬಡ್ಡಿ, ದಂಡ ಅಂತಲೇ ಮಾತು ಶುರು ಮಾಡಿದೆ. ಅವರು ತಲೆಯಾಡಿಸಿ ಎದ್ದುಹೋದರು. ಸಂಜೆ ಹಾಲಿಗೆ ಹೋದರೆ ಸ್ಕ್ಯಾನರ್ ಮೇಲೆ ಕಂದು ಟೇಪು!

ಮರುದಿನ ಮಧ್ಯಾಹ್ನ ನಾನೇ ಅಂಗಡಿಗೆ ಹೋಗಿ, ಬಿಸ್ಕತ್ ಡಬ್ಬಗಳ ಪಕ್ಕ ಸ್ಟೂಲ್ ಹಾಕಿಕೊಂಡು ಬ್ಯಾಂಕ್ ಸ್ಟೇಟ್‌ಮೆಂಟ್ ಬಿಡಿಸಿದೆ. "ಇದು ಚೀಟಿ ದುಡ್ಡು ಮೇಡಂ. ಇದು ಭಾಮೈದನ ಕೈಸಾಲ." ಎಲ್ಲ ಅದೇ ಸ್ಕ್ಯಾನರ್‌ಗೆ ಬಂದಿದೆ. ಇವು ವ್ಯಾಪಾರವೇ ಅಲ್ಲ. ಉಳಿದದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಹಾಲಿನ ಪ್ಯಾಕೆಟ್. ಹಾಲಿಗೆ ತೆರಿಗೆ ಇಲ್ಲ. ಅದೇ ಫ್ರಿಜ್ಜಿನ ಮೊಸರು ಪ್ಯಾಕೆಟ್‌ಗೆ 2022ರ ಜುಲೈನಿಂದ ಶೇ 5. ನಮಗೇ ಒಮ್ಮೊಮ್ಮೆ ತಲೆ ಕೆಡುತ್ತೆ, ಗಲ್ಲಾದಲ್ಲಿ ಕೂತವರ ಪಾಡೇನು?

ಆದರೂ ಸುಮ್ನೆ ಬಿಡೋ ಹಾಗಿರಲಿಲ್ಲ. ಹಾಲೂ ಸೇರಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು. ತೆರಿಗೆ ಮಾತ್ರ ಹಾಲು ಬಿಟ್ಟು ಉಳಿದದ್ದಕ್ಕೆ. ಇಷ್ಟು ಹೇಳಿದ ಮೇಲೆ ಅವರು ಮೊದಲ ಸಲ ಪೆನ್ನು ಕೇಳಿದರು. ಮುಂದಕ್ಕೆ ಕಾಂಪೋಸಿಷನ್, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ, ಸಾಕು ಅಂದೆ. ವ್ಯಾಪಾರಿಗೆ ಶೇ 1, ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಗಿರಾಕಿ ಹತ್ತಿರ ಬೇರೆಯಾಗಿ ವಸೂಲಿ ಮಾಡೋ ಹಾಗಿಲ್ಲ.

"ನೋಂದಣಿ ಮಾಡಿಸಿದ್ದ ನಮ್ಮ ಅಣ್ಣನಿಗೂ ದಂಡ ಬಿತ್ತಲ್ಲ ಮೇಡಂ?" ಅಂದರು. ವಿಚಾರಿಸಿದರೆ, ಅಣ್ಣ ಅಂಗಡಿ ಮುಚ್ಚಿದ್ದರು, ನೋಂದಣಿ ರದ್ದು ಮಾಡಿಸಿರಲಿಲ್ಲ. ವ್ಯಾಪಾರ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಬೇಕು, ತಡವಾದರೆ ದಿನಕ್ಕೆ 20 ರೂಪಾಯಿ. ಇಲಾಖೆಯ ಮೆಸೇಜ್ ಹೋಗುತ್ತಿದ್ದದ್ದು ಅವರ ಹಳೇ ಅಕೌಂಟೆಂಟ್ ಫೋನಿಗೆ. ನಮ್ಮ ಆಫೀಸಲ್ಲೂ ಅನುಕೂಲ ಅಂತ ನಮ್ಮ ನಂಬರೇ ಕೊಡುತ್ತಿದ್ದೆವು. ಅವತ್ತಿನಿಂದ ಬಿಟ್ಟೆವು.

ವಾರ ಕಳೆದು ಫೋನ್ ಬಂತು. "ಮೇಡಂ, ಭಾಮೈದನಿಗೆ ಮತ್ತೆ ಐವತ್ತು ಸಾವಿರ ಕೇಳಿದ್ದೀನಿ. ಅಂಗಡಿ ಸ್ಕ್ಯಾನರ್ ಬೇಡ ಅಲ್ವಾ? ಹೆಂಡತಿ ಅಕೌಂಟಿಗೆ ಹಾಕಿಸ್ಲಾ?"