ದಿನಾ ನೋಡ್ತಿದ್ದ ಕಾರು

ಈ ವಾರ ಚಿಕ್ಕಪ್ಪನ ಎಲೆಕ್ಟ್ರಿಕ್ ಕಾರಿನ ಬಾಗಿಲು ತೆರೆಯಲೇ ಇಲ್ಲ. ಅವರು ಮಗಳ ಮನೆಗೆ ಹೋಗಿ ತಿಂಗಳುಗಳೇ ಆದವು, ಕೀ ನನ್ನ ಹತ್ತಿರ ಇದೆ. ಡ್ಯಾಶ್‌ಬೋರ್ಡಿನಲ್ಲಿ ಯಾವುದೋ ಕಾಗದ ಇದೆ, ಫೋಟೋ ತೆಗೆದು ಕಳಿಸು ಅಂದಿದ್ದರು. ಹೋಗಿ ರಿಮೋಟ್ ಒತ್ತಿದೆ. ಲೈಟ್ ಮಿನುಗಲಿಲ್ಲ, ಸದ್ದಿಲ್ಲ. ಫೋನ್ ಮಾಡಿ ಹೇಳಿದರೆ ಚಿಕ್ಕಪ್ಪ ನಂಬಲೇ ಇಲ್ಲ.

"ಅದ್ಹೇಗೆ ಆಗುತ್ತೆ? ದಿನಾ ನೋಡ್ತಾನೇ ಇದ್ದೆ ಕಣೇ. ಚಾರ್ಜ್ 96 ಪರ್ಸೆಂಟ್ ಇದೆ. ಎಷ್ಟು ದಿನದಿಂದ ಒಂದು ಪರ್ಸೆಂಟೂ ಇಳಿದಿಲ್ಲ!"

ಆ ಮಾತು ಇನ್ನೂ ಕಿವಿಯಲ್ಲಿದೆ. ದಿನಾ ನೋಡ್ತಾನೇ ಇದ್ದೆ ಕಣೇ.

ನಿಜವಾಗಿಯೂ ನೋಡುತ್ತಿದ್ದರು. ನಿವೃತ್ತಿಯಾದ ಮೇಲೆ ಆಸೆಪಟ್ಟು ತಗೊಂಡ ಕಾರು ಅದು. ಬಟ್ಟೆ ಹಿಡಿದು ಒರೆಸದ ದಿನ ಇರಲಿಲ್ಲ. ಊರಿಗೆ ಹೊರಡುವ ಮುಂಚೆ ಪೂರ್ತಿ 100 ಚಾರ್ಜ್ ಮಾಡಿಟ್ಟರು. ಸುತ್ತ ಯಾರಾದರೂ ಓಡಾಡಿದರೆ ರೆಕಾರ್ಡ್ ಮಾಡುವ ಕ್ಯಾಮೆರಾ ಆನ್ ಮಾಡಿದರು. ರಾತ್ರಿ ಮಲಗುವ ಮುಂಚೆ ಆ್ಯಪ್ ತೆರೆದು ಕಾರು ಹೇಗಿದೆ ಅಂತ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಇದಕ್ಕಿಂತ ಜಾಸ್ತಿ ಪ್ರೀತಿಯಿಂದ ಯಾರು ತಾನೇ ಕಾರು ಬಿಟ್ಟು ಹೋಗುತ್ತಾರೆ?

ಮೆಕ್ಯಾನಿಕ್ ಹುಡುಗ ಬಂದ. ಮಾತು ಕಡಿಮೆ, ಕೈ ಚುರುಕು. ನನಗೆ ಅಂಥವರನ್ನು ಕಂಡರೆ ಬಹಳ ಗೌರವ. ರಿಮೋಟಿನ ಬದಿಯ ಸಣ್ಣ ಗುಂಡಿ ಒತ್ತಿ, ಒಳಗೆ ಅಡಗಿದ್ದ ಲೋಹದ ಕೀ ಎಳೆದ. ಬಾಗಿಲ ಹಿಡಿಯ ತುದಿಯಲ್ಲಿದ್ದ ಮುಚ್ಚಳವನ್ನು ಉಗುರಿನಿಂದ ಮೀಟಿದ, ಕೆಳಗೆ ಕೀ ತೂತು. ಒಳಗೆ ಕೈ ಹಾಕಿ ಬಾನೆಟ್ ತೆರೆದು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದ. ಅಲ್ಲಿರೋದು ಬಹುತೇಕ ಎಲ್ಲ ಕಾರಲ್ಲೂ ಇರುವಂಥ ಪುಟ್ಟ 12 ವೋಲ್ಟ್ ಬ್ಯಾಟರಿ. ಚೆನ್ನಾಗಿದ್ದರೆ 12.6ರ ಆಸುಪಾಸು ತೋರಿಸಬೇಕು. 5 ಕೂಡ ತೋರಿಸಲಿಲ್ಲ.

"ಕಾರು ಓಡಿಸೋ ದೊಡ್ಡ ಬ್ಯಾಟರಿಗೆ ಏನೂ ಆಗಿಲ್ಲ ಮೇಡಂ. ಇದು ಸತ್ತಿದೆ" ಅಂದ.

ಬೀಗ, ಪರದೆ, ಕಂಪ್ಯೂಟರು ಎಲ್ಲ ನಡೆಯೋದು ಈ ಪುಟ್ಟದರಿಂದ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಕಾಂಟ್ಯಾಕ್ಟರ್ ಸ್ವಿಚ್ಚುಗಳನ್ನು ಎಳೆಯೋದೂ ಇದೇ. ಕಣಜದ ತುಂಬ ಕಾಳಿದ್ದರೂ ಬೀಗದ ಕೈ ಇಟ್ಟುಕೊಂಡವನೇ ಇಲ್ಲದ ಹಾಗೆ. ಆಗಾಗ ದೊಡ್ಡದರಿಂದ ಪುಟ್ಟದಕ್ಕೆ ತಾವಾಗಿಯೇ ತುಂಬಿಕೊಳ್ಳುವ ಕಾರುಗಳೂ ಇವೆ, ಎಲ್ಲವೂ ಹಾಗಲ್ಲ. ಚಿಕ್ಕಪ್ಪನದು ಹಾಗಲ್ಲ. ಅವರು ಆ್ಯಪ್ ತೆರೆದಾಗೆಲ್ಲ ಮಲಗಿದ್ದ ಕಾರಿನ ಕಂಪ್ಯೂಟರ್ ಎದ್ದು, ಉತ್ತರ ಕೊಟ್ಟು, ಮತ್ತೆ ಮಲಗಲು ಹೊತ್ತು ತಗೊಳ್ಳುತ್ತಿತ್ತು. ಅದರ ಜೊತೆಗೆ ಹಗಲೂ ರಾತ್ರಿ ಕ್ಯಾಮೆರಾ ಬೇರೆ. ಒಂದು ದಿನ ಏಳಲಿಲ್ಲ. ಆ್ಯಪ್‌ನಲ್ಲಿ ದೊಡ್ಡ ಬ್ಯಾಟರಿಯ ಹಳೆಯ 96 ಹಾಗೇ ನಿಂತಿತು. ಕೊನೆಗೆ ಯಾವಾಗ ಸುದ್ದಿ ಬಂತು ಅನ್ನೋದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಅದು ಆ ವಯಸ್ಸಿನ ಕಣ್ಣಿಗೆ ಎಲ್ಲಿ ಕಾಣಬೇಕು? ಅಂಕಿ ಇಳಿಯುತ್ತಿಲ್ಲ ಅಂತ ಅವರು ಖುಷಿಪಟ್ಟ ರಾತ್ರಿಗಳಲ್ಲಿ ಕಾರು ಆಗಲೇ ಸತ್ತಿತ್ತು.

ಹೊಸ 12 ವೋಲ್ಟ್ ಬ್ಯಾಟರಿ ಕೂರಿಸಿ ಬಟನ್ ಒತ್ತಿದ್ದೇ ಸೀಟಿನ ಕೆಳಗಿಂದ 'ಟಕ್' ಅಂತ ಸದ್ದು ಬಂತು, ಪರದೆ ಬೆಳಗಿತು. 95 ಪರ್ಸೆಂಟ್. ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ಯಾಕೆಂದರೆ ಆ ಅಂಕಿಯೂ ಒಳ್ಳೆಯದಲ್ಲ. ಲಿಥಿಯಂ ಬ್ಯಾಟರಿ ತುಂಬಿದ ಹೊಟ್ಟೆಯಲ್ಲಿ ಬಿಸಿಲಲ್ಲಿ ಸುಮ್ನೆ ನಿಂತರೆ ಬೇಗ ಮುದಿಯಾಗುತ್ತದೆ, ಕಳೆದುಕೊಂಡ ಶಕ್ತಿ ವಾಪಸ್ ಬರೋದಿಲ್ಲ. ಅರ್ಧದಷ್ಟು ಚಾರ್ಜ್, ನೆರಳು, ಇಷ್ಟಿದ್ದರೆ ಅದು ಆರಾಮ. ಪೂರ್ತಿ ಖಾಲಿ ಇಡೋದಂತೂ ಇನ್ನೂ ಕೆಟ್ಟದ್ದು. ನಿಸಾನ್ ಲೀಫ್ ಅನ್ನೋ ಎಲೆಕ್ಟ್ರಿಕ್ ಕಾರಿನ ಕೈಪಿಡಿಯಲ್ಲಿ, ಸೊನ್ನೆಗೆ ಬಂದ ಬ್ಯಾಟರಿಯನ್ನು 14 ದಿನಕ್ಕಿಂತ ಹೆಚ್ಚು ಹಾಗೇ ಬಿಡಬೇಡಿ ಅಂತ ಬರೆದಿದ್ದಾರೆ. ಟೆಸ್ಲಾದವರು ಪ್ಲಗ್ ಹಾಕಿಯೇ ಬಿಟ್ಟು ಹೋಗಿ ಅನ್ನುತ್ತಾರೆ. ಹಾಗೆ ಬಿಡುವುದಾದರೆ ಚಾರ್ಜಿನ ಮಿತಿಯನ್ನು 50ರ ಹತ್ತಿರಕ್ಕೆ ಇಳಿಸಿ ಬಿಡಬೇಕು.

ಇದನ್ನೆಲ್ಲ ಮಾರಿದವರು ಹೇಳಬೇಕಿತ್ತು ಅಲ್ವಾ? ಹೊರಡುವ ಮುಂಚೆ ಚಿಕ್ಕಪ್ಪ ಅವರನ್ನೇ ಕೇಳಿದ್ದರು. "ಏನೂ ಮಾಡೋದು ಬೇಡ ಸಾರ್, ಇದರಲ್ಲಿ ಎಂಜಿನ್ನೇ ಇಲ್ವಲ್ಲ" ಅಂದರಂತೆ. ಎಂಜಿನ್ ಇಲ್ಲ, ಹಳಸುವ ಪೆಟ್ರೋಲೂ ಇಲ್ಲ, ಸರಿ. ಆದರೆ ನಾಲ್ಕು ಟೈರು ಇಲ್ವಾ? ಭಾರ ಒಂದೇ ಕಡೆ ಕೂತರೆ ಅವು ಚಪ್ಪಟೆಯಾಗಲ್ವಾ? ವೈರು ಕಡಿಯುವ ಇಲಿಗೆ ಎಂಜಿನ್ ಬೇಕಾ? ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯಲ್ವಾ? ಇಂಥ ಕಾರು ವೇಗ ತಗ್ಗಿಸುವಾಗ ಮೋಟಾರೇ ಹೆಚ್ಚಿನ ಕೆಲಸ ಮಾಡುತ್ತದೆ, ಹಾಗಾಗಿ ಓಡುವಾಗಲೂ ಡಿಸ್ಕು ಉಜ್ಜಿಕೊಳ್ಳೋದು ಕಡಿಮೆ. ಓಡಿಸೋದನ್ನು ಕಲಿಸೋಕೆ ಅರ್ಧ ದಿನ ಕೂತವರು, ನಿಲ್ಲಿಸೋದನ್ನು ಹೇಳೋಕೆ ಐದು ನಿಮಿಷ ಕೊಡಲಿಲ್ಲ.

ಚಿಕ್ಕಪ್ಪನಿಗೆ ಎಲ್ಲ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ನಾನು ನೋಡಿದ್ದೇ ತಪ್ಪಾಯ್ತಾ?" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ದೂರದಲ್ಲಿರೋವಾಗ ನಮ್ಮ ಕೈಗೆ ಸಿಗೋದು ಒಂದು ಅಂಕಿ ಅಷ್ಟೇ. ಅದು ಕಂಡರೆ ಎಲ್ಲ ಚೆನ್ನಾಗಿದೆ ಅಂದುಕೊಂಡು ಮಲಗುತ್ತೇವೆ. ಅಪ್ಪ ಅಮ್ಮನ ವಿಷಯದಲ್ಲೂ ಹೀಗೇ ಮಾಡುತ್ತೇವಲ್ಲ, ವಾಟ್ಸಾಪಲ್ಲಿ ಆನ್‌ಲೈನ್ ಕಂಡರೆ ಸಾಕು ಅಂತ. ಪಕ್ಕಕ್ಕೆ ಹೋಗಿ ಮುಟ್ಟಿ ನೋಡುವವರು ಒಬ್ಬರು ಬೇಕು. ಈ ಸಲ ಅದು ನಾನು. ಹಾಗಂತ ಅವರಿಗೆ ಹೇಳಿದೆ.

ಕ್ಯಾಮೆರಾ ಆಫ್ ಮಾಡಿದ್ದೇನೆ. ಪುಟ್ಟ ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ಮಾಡುವ ಮೇಂಟೇನರ್ ತರಿಸಲು ಹೇಳಿದ್ದೇನೆ. ಆ ಬ್ಯಾಟರಿಯ ನೆಗೆಟಿವ್ ವೈರನ್ನೇ ಬಿಚ್ಚಿಡುವವರೂ ಇದ್ದಾರೆ. ಆದರೆ ಬಾನೆಟ್ ಕರೆಂಟಿನಿಂದ ತೆರೆಯುವ ಕಾರಾದರೆ, ಬಿಚ್ಚಿದ ಮೇಲೆ ಅದನ್ನು ಮುಚ್ಚುವ ಮುಂಚೆ ಕೈಪಿಡಿ ನೋಡಲೇಬೇಕು. ಈ ಭಾನುವಾರ ದೂರ ಒಂದು ಸುತ್ತು ಓಡಿಸಿ ಚಾರ್ಜನ್ನು ಅರ್ಧಕ್ಕೆ ಇಳಿಸುತ್ತೇನೆ, ಬರುವಾಗ ಟೈರಿಗೆ ಗಾಳಿ ಹಿಡಿಸುತ್ತೇನೆ. ಚಿಕ್ಕಪ್ಪ ಆಗಲೇ ಕೇಳಿದ್ದಾರೆ, ಓಡಿಸುವಾಗ ವಿಡಿಯೋ ಕಾಲ್ ಮಾಡು ಅಂತ. ಓಡಿಸುವಾಗ ಆಗಲ್ಲ, ನಿಲ್ಲಿಸಿ ಮಾಡ್ತೀನಿ ಅಂದಿದ್ದೇನೆ.