ಒರಿಜಿನಲ್ಲಾ, ರೀಕಾಸ್ಟಾ? ಒಂದು ಫೋಟೋ ನೋಡಿ ಹೇಳಕ್ಕಾಗಲ್ಲ

"ಅಣ್ಣಾ, ಇದು ಒರಿಜಿನಲ್ಲಾ?" ಜೊತೆಗೊಂದು ಫೋಟೋ. ಎದುರಿನಿಂದ ತೆಗೆದದ್ದು, ಅರ್ಧ ಮಸುಕು, ಗೊಂಬೆಯ ಮೇಲೆ ದಪ್ಪ ಬಣ್ಣ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದುಕೊಂಡು ಹಳೇ ಲೋಹದ ವಾರ್‌ಗೇಮ್ ಮಿನಿಯೇಚರ್‌ಗಳನ್ನ ಕೂಡಿಡ್ತೀನಿ ಅಂತ ಗೊತ್ತಾದವರೆಲ್ಲ ಇದನ್ನೇ ಕಳಿಸುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಇವು ಮೇಜಿನ ಮೇಲೆ ಯುದ್ಧದ ಆಟ ಆಡಲು ಮಾಡಿದ, ಹೆಚ್ಚುಕಡಿಮೆ ಒಂದಿಂಚು ಎತ್ತರದ ಸೈನಿಕರು, ಕಟ್ಟುಕಥೆಗಳಲ್ಲಿ ಬರುವ ಕುಳ್ಳರು, ಕಿಡಿಗೇಡಿ ಪುಟ್ಟ ರಾಕ್ಷಸರಾದ ಗಾಬ್ಲಿನ್‌ಗಳು. ಅಮೆರಿಕದ ಸಿನ್ಸಿನಾಟಿಯಲ್ಲಿ 1975ರಲ್ಲಿ ಶುರುವಾದ ರಾಲ್ ಪಾರ್ಥಾ, ಇಲ್ಲೇ ಪಕ್ಕದ ನ್ಯೂವಾರ್ಕ್‌ನಲ್ಲಿ ಹುಟ್ಟಿದ ಸಿಟಡೆಲ್, ಇಂಥ ಕಂಪನಿಗಳು ಸೀಸ ಬೆರೆತ ಲೋಹದಲ್ಲಿ ಇವನ್ನ ಎರಕ ಹೊಯ್ದವು. ಈಗ ಹಳೆಯವಕ್ಕೆ ಒಳ್ಳೇ ಬೆಲೆ ಇದೆ. ಹಾಗಾಗಿ ಒಂದು ಗೊಂಬೆ ಕೊಂಡು, ಅದರಿಂದಲೇ ಅಚ್ಚು ತೆಗೆದು, ಹಳೇದು ಅಂತ ಮಾರುವವರೂ ಇದ್ದಾರೆ. ಅದೇ ರೀಕಾಸ್ಟ್.

ಲೆಸ್ಟರ್‌ನಲ್ಲಿರುವ ಪರಿಚಯದ ಹುಡುಗನೊಬ್ಬ ಒಂದು ಡಬ್ಬಿ ತುಂಬ ಕುಳ್ಳರನ್ನ ಹರಾಜಿನಲ್ಲಿ ಕೊಂಡು ನಮ್ಮ ಮನೆಗೇ ತಂದ. ಕೂತ ತಕ್ಷಣ, "ಹೂಂ ಅಥವಾ ಉಹೂಂ, ಅಷ್ಟು ಹೇಳಿ ಸಾಕು" ಅಂದ. ನನಗೆ ಸಿಟ್ಟು ಬಂತು. ಅಷ್ಟು ಸುಲಭ ಇದ್ದಿದ್ದರೆ ಅವನು ಅಷ್ಟು ದೂರ ಬರಬೇಕಿತ್ತಾ?

ಅವನ ಡಬ್ಬಿಯಿಂದ ಒಬ್ಬ ಕುಳ್ಳನನ್ನ ತೆಗೆದು, ನನ್ನ ಹತ್ತಿರವಿದ್ದ ಅದೇ ಕುಳ್ಳನ ಪಕ್ಕ ನಿಲ್ಲಿಸಿದೆ. ನನ್ನದರ ಗಡ್ಡದ ಜಡೆಯಲ್ಲಿ ಒಂದೊಂದು ಎಳೆಯ ನಡುವೆ ಗೆರೆ ಆಳವಾಗಿತ್ತು, ಉಗುರು ಸಿಕ್ಕಿಕೊಳ್ಳುವಷ್ಟು. ಅವನದರಲ್ಲಿ ಜಡೆ ಇತ್ತು, ಎಳೆ ಇರಲಿಲ್ಲ. ಕಂಕುಳಲ್ಲಿ ಸಣ್ಣ ಗುಳ್ಳೆ. ಕಾಲಡಿಯ ಪಟ್ಟಿಯಲ್ಲಿ ಹೆಸರು, ಇಸವಿ ಇರುವ ಕಡೆ ಅಕ್ಷರಗಳು ಕರಗಿದ ಹಾಗಿದ್ದವು. ಎತ್ತರದಲ್ಲೂ ಕೂದಲೆಳೆ ಕಡಿಮೆ. ಬಿಸಿ ಮಾಡಿ ಗಟ್ಟಿಗೊಳಿಸಿದ ರಬ್ಬರ್ ಅಚ್ಚು ತಣ್ಣಗಾದಾಗ ನೂರಕ್ಕೆ ಒಂದೆರಡು ಪಾಲು ಕುಗ್ಗುತ್ತದೆ. ಲೋಹವೂ ಆರುವಾಗ ಸ್ವಲ್ಪ ಕುಗ್ಗುತ್ತದೆ. ಡೂಪ್ಲಿಕೇಟ್ ಕೀ ಇಟ್ಟು ಇನ್ನೊಂದು ಡೂಪ್ಲಿಕೇಟ್ ಮಾಡಿಸಿದರೆ ಬೀಗ ತಡವರಿಸುತ್ತಲ್ಲ, ಹಾಗೆ.

"ಹಂಗಾದ್ರೆ ಅಳತೆ ನೋಡಿದ್ರೆ ಸಾಕಲ್ವಾ?" ಅಂದ. ಸಾಲದು. ಬಿಸಿ ಮಾಡದೆ ತಾನೇ ಗಟ್ಟಿಯಾಗುವ ಸಿಲಿಕೋನ್ ಅಚ್ಚು ಕುಗ್ಗುವುದು ತೀರಾ ಕಡಿಮೆ. "ಸೀಸ ಇದ್ರೆ ಹಳೇದೇ ಅಲ್ವಾ?" ಅಂದ. ಅದೂ ಸಾಲದು. ರಾಲ್ ಪಾರ್ಥಾ 1993ರಲ್ಲಿ, ಸಿಟಡೆಲ್ 1997ರಲ್ಲಿ ಸೀಸ ಬಿಟ್ಟವು ಅನ್ನುವುದು ನಿಜ. ಸೀಸ ಜಾಸ್ತಿ ಇದ್ದರೆ ಕೈಗೆ ಭಾರ, ಬಿಳಿ ಕಾಗದಕ್ಕೆ ತಿಕ್ಕಿದರೆ ಪೆನ್ಸಿಲ್ ಥರ ಬೂದು ಗೆರೆ ಬೀಳುತ್ತದೆ. ಆದರೆ ನಕಲು ಮಾಡುವವನಿಗೂ ಸೀಸ ಸಿಗುತ್ತದೆ! (ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಕೈಗೆ ಕೊಡಬೇಡಿ.)

ಇನ್ನೊಂದು ಕಡೆಯಿಂದಲೂ ನೋಡಬೇಕು. ಕಂಪನಿಯ ಅಚ್ಚೇ ಸವೆದಿದ್ದಾಗ ಬಂದ ಅಸಲಿ ಗೊಂಬೆಯೂ ಮೊಂಡಾಗಿರುತ್ತದೆ. ಸಿನ್ಸಿನಾಟಿಯ ಐರನ್ ವಿಂಡ್ ಮೆಟಲ್ಸ್ ರಾಲ್ ಪಾರ್ಥಾದ ಹಳೇ ಅಚ್ಚುಗಳಿಂದಲೇ ಹಕ್ಕು ಇಟ್ಟುಕೊಂಡು ಎರಕ ಹೊಯ್ದಿದೆ. ಅದು ಹಳೇದಲ್ಲ, ಹಾಗಂತ ಕಳ್ಳಮಾಲೂ ಅಲ್ಲ. ಅದನ್ನ ರೀಕಾಸ್ಟ್ ಅಂತ ಕರೆಯುವವರನ್ನ ಕಂಡರೆ ನನಗೆ ಮೈ ಉರಿಯುತ್ತದೆ. ಮೋಸ ಇರುವುದು ಹಕ್ಕಿಲ್ಲದೆ ಎರಕ ಹೊಯ್ಯುವುದರಲ್ಲಿ, ನಿನ್ನೆ ಹೊಯ್ದದ್ದನ್ನ 1985ರದ್ದು ಅಂತ ಮಾರುವುದರಲ್ಲಿ.

ನಾನು ಕಾಯುತ್ತಿರುವ ಪ್ರಶ್ನೆ ಬೇರೆ: "ಇದನ್ನ ಮಾಡಿದ್ದು ಯಾರು?" ಒಬ್ಬರೂ ಕೇಳಲ್ಲ. ಪ್ರತಿ ಗೊಂಬೆಯ ಹಿಂದೆ ಹಿಟ್ಟಿನ ಹಾಗೆ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಪುಟ್ಟಿಯನ್ನ ಸೂಜಿಮೊನೆಯಲ್ಲಿ ತಿದ್ದಿದ ಒಬ್ಬ ಶಿಲ್ಪಿ ಇದ್ದಾನೆ. ಕೆವ್ ಆಡಮ್ಸ್ ಮಾಡಿದ ಗಾಬ್ಲಿನ್‌ಗಳ ಮುಖ ನೋಡಿ. ಕೆನ್ನೆ ಉಬ್ಬಿಸಿ, ಹಲ್ಲು ಕಿರಿದು, ಒಬ್ಬೊಬ್ಬನದು ಒಂದೊಂದು ಕಿಡಿಗೇಡಿತನ. ಬಾಬ್ ಆಲಿ ಕೈಯಿಂದ ಬಂದದ್ದಾದರೆ ಚರ್ಮದ ತುಂಬ ಸುಕ್ಕು, ಗಂಟು. ಜೆಸ್ ಗುಡ್ವಿನ್ ಅವರ ಚೂಪುಕಿವಿಯ ಯಕ್ಷರಂಥ ಎಲ್ಫ್‌ಗಳು ನಿಂತ ಭಂಗಿಯಲ್ಲೇ ಗೊತ್ತಾಗುತ್ತವೆ. ರಾಲ್ ಪಾರ್ಥಾದ ಟಾಮ್ ಮೈಯರ್ ಅಷ್ಟು ಚಿಕ್ಕ ಮೈಯಲ್ಲಿ ಕೈಕಾಲಿನ ಅಳತೆ ತಪ್ಪಲು ಬಿಟ್ಟವರಲ್ಲ. ರೀಕಾಸ್ಟ್ ಮಾಡುವವನು ಮೊದಲು ಕಳೆಯುವುದು ಇದನ್ನೇ: ಆ ಹಲ್ಲಿನ ಸಂದು, ಆ ಸುಕ್ಕು. ಶಿಲ್ಪಿಯ ಕೈ ಪರಿಚಯ ಆದವರಿಗೆ ಏನು ಕಾಣೆಯಾಗಿದೆ ಅಂತ ಬೇಗ ಹೊಳೆಯುತ್ತದೆ. ಪರಿಚಯ ಇಲ್ಲದವರಿಗೆ ನಾನು ಎಷ್ಟು ಲಕ್ಷಣ ಹೇಳಿಕೊಟ್ಟರೂ ಸುಮ್ನೆ.

ಆ ಹುಡುಗನಿಗೂ ಇದನ್ನೇ ಹೇಳಿದೆ. ಅವನಿಗೆ ಬೇಕಿದ್ದದ್ದು ದುಡ್ಡು ವಾಪಸ್ ಕೇಳಲು ಒಂದು ಆಧಾರ. ಅದು ನ್ಯಾಯವೇ. ಎರಡೂ ಕುಳ್ಳರನ್ನ ಜೊತೆಗಿಟ್ಟು ತೆಗೆದ ಫೋಟೋ ಕೊಟ್ಟು ಕಳಿಸಿದೆ.

ನೀವೂ ಕಳಿಸುವುದಾದರೆ ಹಾಗೇ ಕಳಿಸಿ. ಹಗಲು ಬೆಳಕಿನಲ್ಲಿ, ಹಿಂದೆ ಮುಂದೆ ಎರಡೂ. ಕಾಲಡಿಯ ಪಟ್ಟಿ ಹತ್ತಿರದಿಂದ, ಪಕ್ಕದಲ್ಲಿ ಒಂದು ಸ್ಕೇಲು. ಅಚ್ಚಿನ ಎರಡು ಹೋಳು ಕೂಡುವಲ್ಲಿ ಬೀಳುವ ಗೆರೆ ಎಲ್ಲಿ ಹಾದು ಹೋಗಿದೆ ಅಂತ ಕಾಣಬೇಕು, ಯಾಕಂದರೆ ನಕಲಿನಲ್ಲಿ ಹಳೇ ಗೆರೆಯ ಗುರುತು ಉಳಿದು ಹೊಸದು ಬೇರೆ ಕಡೆ ಬಂದಿರುತ್ತದೆ, ಎಷ್ಟೋ ಸಲ. ಯಾರು ಕೊಟ್ಟರು, ಏನು ಹೇಳಿ ಕೊಟ್ಟರು ಅನ್ನುವುದನ್ನೂ ಬರೆಯಿರಿ. ಶಿಲ್ಪಿ ಯಾರು ಅಂತ ಮೊದಲು ನೀವೇ ಒಂದು ಊಹೆ ಮಾಡಿ ಬರೆದರೆ ಅವತ್ತೇ ಉತ್ತರ ಕೊಡುತ್ತೇನೆ.